ಫ್ಲಾಜೆಲಿನ್ ಹಾಕಿದರೂ ಕರುಳಿನ ಕೋಶ ಸುಮ್ಮನಿದೆಯಾ? ಟಿಎಲ್‌ಆರ್5 ಪ್ರಯೋಗ, ಹಂತ ಹಂತವಾಗಿ

ಕರುಳಿನ ಎಪಿಥೀಲಿಯಲ್ (ಒಳಗೋಡೆಯ ಪದರದ) ಕೋಶಗಳ ಮೇಲೆ ಫ್ಲಾಜೆಲಿನ್ ಹಾಕುವುದು, ಅವು ಬಿಡುವ ಐಎಲ್-8 (ಉರಿಯೂತದ ಸಂಕೇತ ಕೊಡುವ ಪ್ರೋಟೀನ್) ಎಷ್ಟು ಅಂತ ಎಲೈಸಾದಲ್ಲಿ, ಅಂದರೆ ಆ್ಯಂಟಿಬಾಡಿ ಬಳಸಿ ಪ್ರೋಟೀನ್ ಅಳೆಯುವ ಪರೀಕ್ಷೆಯಲ್ಲಿ, ಅಳೆಯುವುದು. ಹೇಳೋಕೆ ಎರಡೇ ಸಾಲು. ಆದರೆ ಎಂಎಸ್ಸಿ ಪ್ರಾಜೆಕ್ಟ್‌ಗೆ, ಪಿಎಚ್‌ಡಿಯ ಮೊದಲ ವರ್ಷಕ್ಕೆ ಬರುವವರಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ. ದೂರು ಎರಡೇ ಬಗೆ. ಒಂದು, "ಏನೂ ಬರಲಿಲ್ಲ". ಇನ್ನೊಂದು, "ಏನೂ ಹಾಕದ ವೆಲ್‌ನಲ್ಲೂ ಅಷ್ಟೇ ಬಂತು". (ವೆಲ್ ಅಂದರೆ ಪ್ಲೇಟಿನ ಒಂದೊಂದು ಗುಳಿ.)

ಎರಡಕ್ಕೂ ಎಲೈಸಾ ಕಿಟ್ಟನ್ನು ಬೈಯುವುದು ವಾಡಿಕೆ. ನಾನು ನೋಡಿದ ಮಟ್ಟಿಗೆ ಕಿಟ್ಟಿನ ತಪ್ಪು ಬಹಳ ಕಡಿಮೆ. ಎಲೈಸಾ ಶುರುವಾಗುವ ಹೊತ್ತಿಗೆ ಪ್ರಯೋಗ ಆಗಲೇ ಕೆಟ್ಟಿರುತ್ತದೆ. ಹಾಗಾಗಿ ಈ ಬರಹದಲ್ಲಿ ಎಲೈಸಾ ತುಂಬಾ ತಡವಾಗಿ ಬರುತ್ತದೆ. ಮೊದಲ ನಾಲ್ಕು ಹಂತ ಹಾರಿಸಿ ಅಲ್ಲಿಗೆ ಜಿಗಿಯಬೇಡಿ.

ಒಂದು ವಿಷಯ ಮಾತ್ರ ಮೊದಲೇ ತಲೆಯಲ್ಲಿರಲಿ. ಟಿಎಲ್‌ಆರ್5 ಅನ್ನುವುದು ಬ್ಯಾಕ್ಟೀರಿಯಾದ ಬಾಲದ ಪ್ರೋಟೀನ್ ಆದ ಫ್ಲಾಜೆಲಿನ್ ಅನ್ನು ಗುರುತಿಸುವ ರಿಸೆಪ್ಟರ್. ದೊಡ್ಡ ಕರುಳಿನ ಒಳಗೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಸದಾ ಇರುತ್ತವೆ. ರಿಸೆಪ್ಟರ್ ಆ ಕಡೆಗೇ ಮುಖ ಮಾಡಿ ಕೂತರೆ ದಿನವಿಡೀ ಗಂಟೆ ಬಾರಿಸುತ್ತಲೇ ಇರಬೇಕಾಗುತ್ತದೆ. ಅದಕ್ಕೇ ಪದರ ಕಟ್ಟಿದ ಕೋಶಗಳಲ್ಲಿ ಟಿಎಲ್‌ಆರ್5 ಮುಖ್ಯವಾಗಿ ತಳದ ಕಡೆ, ಅಂದರೆ ರಕ್ತದ ಕಡೆ ಇರುತ್ತದೆ. ಮನೆಗೆ ಹೋಲಿಸಿದರೆ ಬೆಲ್ ಇರುವುದು ಹಿತ್ತಲ ಬಾಗಿಲಲ್ಲಿ. ಬ್ಯಾಕ್ಟೀರಿಯಾ ಗೋಡೆ ದಾಟಿ ಹಿತ್ತಲಿಗೆ ಬಂದಾಗ ಮಾತ್ರ ಅದು ಬಾರಿಸಬೇಕು. ನೀವು ಮುಂಬಾಗಿಲು ತಟ್ಟಿ "ಯಾರೂ ಇಲ್ಲ" ಅಂದರೆ ಹೇಗೆ?

## ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಬಯೋಸೇಫ್ಟಿ ಹುಡ್, ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್, 450 ನ್ಯಾನೋಮೀಟರ್ ಓದುವ ಪ್ಲೇಟ್ ರೀಡರ್, ಮಲ್ಟಿಚಾನೆಲ್ ಪಿಪೆಟ್. ಇವು ಹೆಚ್ಚಿನ ಲ್ಯಾಬ್‌ಗಳಲ್ಲಿ ಇರುತ್ತವೆ.

ಇರದೇ ಹೋಗುವುದು ಬೇರೆ: ಎಂಡೋಟಾಕ್ಸಿನ್ (ಕೆಲವು ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಎಲ್‌ಪಿಎಸ್ ಅನ್ನುವ ವಸ್ತು) ಇಲ್ಲದ ನೀರು, ಹೊಸದಾಗಿ ಒಡೆದ ಟಿಪ್ ಬಾಕ್ಸ್, ಪ್ರೋಟೀನ್ ಅಂಟದ ಸಣ್ಣ ಟ್ಯೂಬ್‌ಗಳು, ಮೈಕೋಪ್ಲಾಸ್ಮಾ (ಬೆಳೆಸುವ ಕೋಶಗಳ ಜೊತೆ ಸೇರಿಕೊಳ್ಳುವ ಸಣ್ಣ ಬ್ಯಾಕ್ಟೀರಿಯಾ) ಹಿಡಿಯುವ ಪಿಸಿಆರ್ ಕಿಟ್, ಮತ್ತು ಕಂಟ್ರೋಲ್‌ಗೆ ಐಎಲ್-1 ಬೀಟಾ ಅಥವಾ ಟಿಎನ್‌ಎಫ್ ಆಲ್ಫಾ (ಟಿಎಲ್‌ಆರ್5 ಇಲ್ಲದೆಯೂ ಕೋಶವನ್ನು ಕೆಣಕುವ ಸಂಕೇತ ಪ್ರೋಟೀನ್‌ಗಳು). ದುಡ್ಡು ಕಡಿಮೆ ಇದ್ದರೆ ಎರಡನೇ ಎಲೈಸಾ ಕಿಟ್ ಬಿಡಿ, ಇವನ್ನು ಬಿಡಬೇಡಿ.

## ಹಂತ 1: ಯಾವ ಕೋಶ, ಯಾವ ಪ್ರಶ್ನೆ

"ಕೋಶ ಫ್ಲಾಜೆಲಿನ್‌ಗೆ ಸ್ಪಂದಿಸುತ್ತದಾ?" ಅನ್ನುವುದಷ್ಟೇ ಪ್ರಶ್ನೆಯಾದರೆ ಎಚ್‌ಟಿ-29 ಅನ್ನುವ ಮನುಷ್ಯರ ಕರುಳಿನ ಕ್ಯಾನ್ಸರ್ ಕೋಶ ಸಾಕು. ಮಾಮೂಲಿ ಪ್ಲಾಸ್ಟಿಕ್ ಪ್ಲೇಟ್ ಮೇಲೆ ಅದು ಗುಂಪುಗುಂಪಾಗಿ ಬೆಳೆಯುತ್ತದೆ. ಸರಿಯಾದ ಮೇಲೆ-ಕೆಳಗೆ ಇರುವ ಪದರ ಕಟ್ಟುವುದಿಲ್ಲ. ಆದ್ದರಿಂದ ಫ್ಲಾಜೆಲಿನ್‌ಗೆ ರಿಸೆಪ್ಟರ್ ಸುಲಭವಾಗಿ ಸಿಗುತ್ತದೆ.

"ಯಾವ ಕಡೆಯಿಂದ ಹಾಕಿದರೆ ಸ್ಪಂದಿಸುತ್ತದೆ?" ಅನ್ನುವುದು ಪ್ರಶ್ನೆಯಾದರೆ ಅದೇ ಬಗೆಯ ಕಾಕೋ-2 ಅಥವಾ ಟಿ84 ಬೇಕು, ಅದೂ ಟ್ರಾನ್ಸ್‌ವೆಲ್ ಇನ್ಸರ್ಟ್ (ತಳದಲ್ಲಿ ಸಣ್ಣ ರಂಧ್ರಗಳ ಪೊರೆ ಇರುವ, ಪ್ಲೇಟಿನ ವೆಲ್‌ನೊಳಗೆ ಕೂರುವ ಕಪ್) ಮೇಲೆ. ಕಾಕೋ-2 ಪೂರ್ತಿ ಬಲಿಯಲು ಸುಮಾರು 21 ದಿನ ಬೇಕು. ಪ್ರಾಜೆಕ್ಟ್‌ಗೆ ಇರುವುದೇ ಮೂರು ತಿಂಗಳಾದರೆ ಈ ಲೆಕ್ಕ ಮೊದಲೇ ಹಾಕಿಕೊಳ್ಳಿ. ನಮ್ಮಲ್ಲಿ ಹೆಚ್ಚಿನವರು ಕೋಶಗಳನ್ನು ಪುಣೆಯ ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್‌ನಿಂದ ತರಿಸುತ್ತಾರೆ. ಪಕ್ಕದ ಲ್ಯಾಬಿನ ಸ್ನೇಹಿತರು ಕೊಟ್ಟ ಫ್ಲಾಸ್ಕ್ ಬಿಟ್ಟಿ ಸಿಗುತ್ತದೆ ನಿಜ, ಆದರೆ ಅದರ ಜೊತೆ ಏನೇನು ಬರುತ್ತದೆ ಅಂತ ಹಂತ 2ರಲ್ಲಿ ನೋಡಿ.

ಈ ಹಂತದಲ್ಲಿ ಪದೇ ಪದೇ ಆಗುವ ತಪ್ಪು ಮೂರು.

ಮೊದಲನೆಯದು, ಎಚ್‌ಟಿ-29 ಅಥವಾ ಕಾಕೋ-2ಗೆ ಎಲ್‌ಪಿಎಸ್ ಹಾಕಿ ಅದನ್ನೇ ಪಾಸಿಟಿವ್ ಕಂಟ್ರೋಲ್ ಅಂದುಕೊಳ್ಳುವುದು. ಎಲ್‌ಪಿಎಸ್ ಗುರುತಿಸಲು ಟಿಎಲ್‌ಆರ್4 ಒಂದೇ ಸಾಲದು, ಎಂಡಿ-2 ಅನ್ನುವ ಪ್ರೋಟೀನ್ ಜೊತೆಗಿರಬೇಕು. ಈ ಕೋಶಗಳಲ್ಲಿ ಎರಡೂ ತೀರಾ ಕಡಿಮೆ. ಹಾಗಾಗಿ ಅವು ಎಲ್‌ಪಿಎಸ್‌ಗೆ ಅಷ್ಟಾಗಿ ಜಗ್ಗುವುದಿಲ್ಲ. ಮ್ಯಾಕ್ರೋಫೇಜ್ (ರೋಗಾಣು ನುಂಗುವ ರಕ್ಷಣಾ ಕೋಶ) ಪ್ರಯೋಗದ ಪ್ರೋಟೋಕಾಲ್ ಎತ್ತಿಕೊಂಡು ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಎರಡನೆಯದು, ಇಲಿಯ ಕೋಶದಲ್ಲಿ ಐಎಲ್-8 ಹುಡುಕುವುದು. ಇಲಿಗೆ ಆ ಜೀನೇ ಇಲ್ಲ. ಅಲ್ಲಿ ಕೆಸಿ, ಅಂದರೆ ಸಿಎಕ್ಸ್‌ಸಿಎಲ್1 ಅಳೆಯಬೇಕು. ಇದನ್ನು ಓದಿ ನಗಬೇಡಿ, ಇಡೀ ಕಿಟ್ ತರಿಸಿ ಕೂತವರನ್ನು ಕಂಡಿದ್ದೇನೆ.

ಮೂರನೆಯದು, ಎಚ್‌ಇಕೆ293 (ಮನುಷ್ಯರ ಭ್ರೂಣದ ಮೂತ್ರಪಿಂಡದಿಂದ ಬಂದ) ಕೋಶವನ್ನು "ಖಾಲಿ" ಅಂದುಕೊಳ್ಳುವುದು. ಅದರಲ್ಲಿ ಸ್ವಲ್ಪ ಮಟ್ಟಿಗೆ ಸ್ವಂತ ಟಿಎಲ್‌ಆರ್5 ಇದೆ. ಬೇರೆ ರಿಸೆಪ್ಟರ್ ತುಂಬಿ ಪ್ರಯೋಗ ಮಾಡುವಾಗ ಏನೂ ತುಂಬದ ಎಚ್‌ಇಕೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಲೇಬೇಕು.

## ಹಂತ 2: ಮೈಕೋಪ್ಲಾಸ್ಮಾ ಇಲ್ಲ ಅಂತ ಖಚಿತಪಡಿಸಿಕೊಳ್ಳಿ

ಬೇರೆ ಪ್ರಯೋಗದಲ್ಲಿ ಇದು ಒಳ್ಳೆಯ ಅಭ್ಯಾಸ. ಇಲ್ಲಿ ಇದಿಲ್ಲದೆ ಪ್ರಯೋಗವೇ ಇಲ್ಲ. ಯಾಕೆಂದರೆ ಮೈಕೋಪ್ಲಾಸ್ಮಾದ ಲಿಪೋಪ್ರೋಟೀನ್‌ಗಳು ಟಿಎಲ್‌ಆರ್2 ಅನ್ನು ಕೆಣಕುತ್ತವೆ. ನೀವು ಏನೂ ಹಾಕುವ ಮೊದಲೇ ಕೋಶ ಎಚ್ಚರವಾಗಿರುತ್ತದೆ.

ಮೈಕೋಪ್ಲಾಸ್ಮಾಗೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ಅದಕ್ಕೆ ನಾಟುವುದಿಲ್ಲ. ಮೀಡಿಯಾ ಕಲಕುವುದೂ ಇಲ್ಲ. ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಾಣುವುದೂ ಇಲ್ಲ. ನನ್ನ ಮೊದಲ ವರ್ಷದಲ್ಲಿ ಎರಡು ತಿಂಗಳು ಸೊಗಸಾದ ಡೇಟಾ ಬರುತ್ತಿತ್ತು. ಒಂದೇ ಕಿರಿಕಿರಿ, ಕಂಟ್ರೋಲ್ ವೆಲ್‌ಗಳು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಮೇಲೇರುತ್ತಿದ್ದವು. ನಾನು ಸೀರಮ್ ಲಾಟ್ ಬದಲಾಗಿದ್ದಕ್ಕೆ ಹೀಗೆ ಅಂದುಕೊಂಡೆ. ಪಿಸಿಆರ್ ಜೆಲ್ ನೋಡಿದ ದಿನ ಆ ಎರಡು ತಿಂಗಳ ನೋಟ್‌ಬುಕ್ ಪುಟಗಳಿಗೆಲ್ಲ ಅಡ್ಡಗೆರೆ ಎಳೆದೆ.

ಮಾಡುವ ಕ್ರಮ ಹೀಗೆ:

1. ಆ್ಯಂಟಿಬಯಾಟಿಕ್ ಇಲ್ಲದ ಮೀಡಿಯಾದಲ್ಲಿ ಕೋಶಗಳನ್ನು ಎರಡು ಮೂರು ದಿನ ಬೆಳೆಸಿ.
2. ಫ್ಲಾಸ್ಕ್ 80ರಿಂದ 90 ಶೇಕಡಾ ತುಂಬಿದಾಗ, ಮೀಡಿಯಾ ಬದಲಿಸುವ ಮೊದಲು ಆ ಹಳೇ ಮೀಡಿಯಾವನ್ನೇ ತೆಗೆದು ಪಿಸಿಆರ್‌ಗೆ ಹಾಕಿ.
3. ಕಿಟ್ಟಿನ ಪಾಸಿಟಿವ್ ಕಂಟ್ರೋಲ್ ಮತ್ತು ಬರೀ ನೀರಿನ ಕಂಟ್ರೋಲ್ ಎರಡನ್ನೂ ಓಡಿಸಿ.

ಪಾಸಿಟಿವ್ ಬಂದರೆ ಔಷಧಿ ಹಾಕಿ ಉಳಿಸಲು ಹೋಗಬೇಡಿ. ಬ್ಲೀಚ್ ಹಾಕಿ ಎಸೆಯಿರಿ, ಮುಂಚೆ ಫ್ರೀಜ್ ಮಾಡಿಟ್ಟ ಕೋಶಗಳ ವಯಲ್ ಕರಗಿಸಿ ಹೊಸದಾಗಿ ಶುರು ಮಾಡಿ. ಹೊಟ್ಟೆ ಉರಿಯುತ್ತದೆ, ಗೊತ್ತು.

## ಹಂತ 3: ಫ್ಲಾಜೆಲಿನ್ ಮತ್ತು ನೀರು ಎರಡನ್ನೂ ಅನುಮಾನಿಸಿ

ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂನಿಂದ ಬಂದ ಶುದ್ಧ ಫ್ಲಾಜೆಲಿನ್ ಕೊಳ್ಳಿ. ಎಲ್ಲ ಬ್ಯಾಕ್ಟೀರಿಯಾದ ಫ್ಲಾಜೆಲಿನ್ ಒಂದೇ ಅಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ, ಕ್ಯಾಂಪಿಲೋಬ್ಯಾಕ್ಟರ್ ಇವುಗಳ ಫ್ಲಾಜೆಲಿನ್‌ನಲ್ಲಿ ಟಿಎಲ್‌ಆರ್5 ಹಿಡಿಯುವ ಜಾಗವೇ ಬದಲಾಗಿದೆ. ಅವು ಕಣ್ತಪ್ಪಿಸಿಕೊಳ್ಳುತ್ತವೆ. ಅವನ್ನು ಹಾಕಿ "ರಿಸೆಪ್ಟರ್ ಕೆಲಸ ಮಾಡಲ್ಲ" ಅಂತ ಬರೆದುಬಿಟ್ಟರೆ ತಪ್ಪು ನಿಮ್ಮದೇ.

ಇನ್ನು ಎಂಡೋಟಾಕ್ಸಿನ್ ವಿಷಯ. ಒಬ್ಬ ಹುಡುಗ ಕೇಳಿದ್ದ: "ಮೇಡಂ, ನೀರನ್ನ ಎರಡು ಸಲ ಆಟೋಕ್ಲೇವ್ ಮಾಡಿದ್ದೀನಿ, ಮತ್ತೆ ಎಲ್‌ಪಿಎಸ್ ಎಲ್ಲಿಂದ ಬರುತ್ತೆ?" ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ನಿಜ. ಸತ್ತ ಬ್ಯಾಕ್ಟೀರಿಯಾದ ಎಲ್‌ಪಿಎಸ್ ಅಲ್ಲೇ ಉಳಿಯುತ್ತದೆ. 121 ಡಿಗ್ರಿ ಹಬೆಗೆ ಅದು ಜಗ್ಗುವುದಿಲ್ಲ. ಗಾಜಿನ ಸಾಮಾನಾದರೆ 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ನೀರಾದರೆ ಎಂಡೋಟಾಕ್ಸಿನ್ ಇಲ್ಲದ್ದನ್ನೇ ಕೊಳ್ಳಬೇಕು.

ಎಚ್‌ಟಿ-29 ಎಲ್‌ಪಿಎಸ್‌ಗೆ ಸ್ಪಂದಿಸದಿದ್ದರೆ ಯಾಕಿಷ್ಟು ತಲೆಬಿಸಿ ಅನ್ನಬಹುದು. ಸ್ಪಂದನೆ ಕಡಿಮೆ ಅಂದರೆ ಸೊನ್ನೆ ಅಂತಲ್ಲ. ಅಲ್ಲದೆ ನಾಳೆ ಅದೇ ಸ್ಟಾಕನ್ನು ಮ್ಯಾಕ್ರೋಫೇಜ್ ಮೇಲೆ ಹಾಕುತ್ತೀರಿ, ಆಗ ಕಥೆಯೇ ಬೇರೆ. ಎಲ್‌ಎಎಲ್ ಪರೀಕ್ಷೆ ಮಾಡಿಸಿ. ಅದು ಎಂಡೋಟಾಕ್ಸಿನ್ ಯೂನಿಟ್‌ನಲ್ಲಿ ಲೆಕ್ಕ ಕೊಡುತ್ತದೆ. 1 ಯೂನಿಟ್ ಅಂದರೆ ಸುಮಾರು 0.1 ನ್ಯಾನೋಗ್ರಾಂ ಎಲ್‌ಪಿಎಸ್.

ಸ್ಟಾಕ್ ಮಾಡುವಾಗ ಪುಡಿಯನ್ನು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಆಗುವಂತೆ ಕರಗಿಸಿ. ವೋರ್ಟೆಕ್ಸ್ ಮೇಲೆ ಇಟ್ಟು ಗರಗರ ತಿರುಗಿಸಬೇಡಿ. ಮೆಲ್ಲಗೆ ಪಿಪೆಟ್ ಮಾಡಿ. ಕೂಡಲೇ 10 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಫ್ರೀಜ್ ಮಾಡಿ. ಒಂದು ಟ್ಯೂಬ್, ಒಂದು ಪ್ರಯೋಗ. ಉಳಿದದ್ದನ್ನು ಮತ್ತೆ ಫ್ರೀಜರಿಗೆ ಇಡುವ ಜಿಪುಣತನ ಬೇಡ. ಕರಗಿಸಿ ಗಟ್ಟಿ ಮಾಡಿದಷ್ಟೂ ಪ್ರೋಟೀನ್‌ನ ಬಲ ಕುಗ್ಗುತ್ತದೆ. ಜಾಸ್ತಿ ತೆಳು ಮಾಡಿದ ಫ್ಲಾಜೆಲಿನ್ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುತ್ತದೆ ಕೂಡ. ತೆಳು ಮಾಡುವುದೇನಿದ್ದರೂ ಹಾಕುವ ಹತ್ತು ನಿಮಿಷ ಮೊದಲು ಮಾಡಿ.

## ಹಂತ 4: ಪ್ಲೇಟ್ ನಕ್ಷೆ ಕಾಗದದ ಮೇಲೆ ಬರೆಯಿರಿ

ಈ ನಕ್ಷೆಗೆ ಅರ್ಧ ಗಂಟೆ ಕೊಡಿ. ಹುಡ್ ಒಳಗೆ ಕೂತು ಯೋಚಿಸುವುದಲ್ಲ ಇದು.

96 ವೆಲ್ ಪ್ಲೇಟಿನ ಅಂಚಿನ 36 ವೆಲ್‌ಗಳಲ್ಲಿ ನೀರು ಬೇಗ ಆರುತ್ತದೆ. ಅಲ್ಲಿ ಬರೀ ಪಿಬಿಎಸ್ (ಉಪ್ಪಿನ ಬಫರ್) ತುಂಬಿ, ಒಳಗಿನ 60 ವೆಲ್ ಮಾತ್ರ ಬಳಸಿ. ಪ್ರತಿಯೊಂದು ಮೂರು ವೆಲ್‌ನಂತೆ ಇವು ಇರಲೇಬೇಕು:

- ಬರೀ ಮೀಡಿಯಾ
- ಫ್ಲಾಜೆಲಿನ್ ಕರಗಿಸಿದ ದ್ರವ ಮಾತ್ರ, ಅದೇ ಪ್ರಮಾಣದಲ್ಲಿ
- ಫ್ಲಾಜೆಲಿನ್ 1, 10, 100 ನ್ಯಾನೋಗ್ರಾಂ, ಪ್ರತಿ ಮಿಲಿಲೀಟರಿಗೆ
- ಐಎಲ್-1 ಬೀಟಾ ಅಥವಾ ಟಿಎನ್‌ಎಫ್ ಆಲ್ಫಾ, 10 ನ್ಯಾನೋಗ್ರಾಂ
- ಪ್ರೋಟೀನೇಸ್ ಕೆ ಹಾಕಿ ಕಡಿದ ಫ್ಲಾಜೆಲಿನ್
- ಪಾಲಿಮಿಕ್ಸಿನ್ ಬಿ ಜೊತೆ ಫ್ಲಾಜೆಲಿನ್

ಕೊನೆಯ ಎರಡು ಯಾಕೆ? ಪ್ರೋಟೀನೇಸ್ ಕೆ ಪ್ರೋಟೀನನ್ನು ಕಡಿಯುತ್ತದೆ, ಎಲ್‌ಪಿಎಸ್ಸನ್ನು ಮುಟ್ಟುವುದಿಲ್ಲ. ಪಾಲಿಮಿಕ್ಸಿನ್ ಬಿ ಎಲ್‌ಪಿಎಸ್ಸನ್ನು ಹಿಡಿದಿಡುತ್ತದೆ, ಫ್ಲಾಜೆಲಿನ್ ಅನ್ನು ಬಿಡುತ್ತದೆ. ಮೊದಲನೆಯದರಲ್ಲಿ ಸ್ಪಂದನೆ ಹೋಗಿ ಎರಡನೆಯದರಲ್ಲಿ ಉಳಿದರೆ, ನೀವು ನೋಡುತ್ತಿರುವುದು ಫ್ಲಾಜೆಲಿನ್‌ನ ಕೆಲಸವೇ. ಉಲ್ಟಾ ಬಂದರೆ ಹಂತ 3ಕ್ಕೆ ವಾಪಸ್.

ಇಲ್ಲೊಂದು ಹಳ್ಳ ಇದೆ. ಪ್ರೋಟೀನೇಸ್ ಕೆಯನ್ನು ಹಾಗೇ ಕೋಶದ ಮೇಲೆ ಸುರಿದರೆ ಅದು ಕೋಶವನ್ನೂ ತಿನ್ನುತ್ತದೆ, ಬಂದ ಐಎಲ್-8 ಅನ್ನೂ ತಿನ್ನುತ್ತದೆ. ಅದನ್ನು ಬಿಸಿ ಮಾಡಿ ಸಾಯಿಸಬೇಕು. 95 ಡಿಗ್ರಿಯಲ್ಲಿ 10 ನಿಮಿಷ ಸಾಕು. ಫ್ಲಾಜೆಲಿನ್ ಬಿಸಿಗೆ ಗಟ್ಟಿಗ, ಕುದಿಸಿದರೂ ಸಾಮಾನ್ಯವಾಗಿ ಬಲ ಉಳಿಸಿಕೊಳ್ಳುತ್ತದೆ. ಆದರೂ ಕಡಿಯದ ಫ್ಲಾಜೆಲಿನ್‌ಗೂ ಅಷ್ಟೇ ಬಿಸಿ ಕೊಟ್ಟು ಇನ್ನೊಂದು ಕಂಟ್ರೋಲ್ ಇಡಿ. ಬರೀ ಪ್ರೋಟೀನೇಸ್ ಕೆಯನ್ನು ಬಿಸಿ ಮಾಡಿ ಮತ್ತೊಂದು. ಇಲ್ಲದಿದ್ದರೆ ಸ್ಪಂದನೆ ಹೋಗಿದ್ದು ಕಡಿತದಿಂದಲಾ, ಬಿಸಿಯಿಂದಲಾ ಅಂತ ವೈವಾದಲ್ಲಿ ಕೇಳಿದಾಗ ತಲೆ ಕೆರೆದುಕೊಳ್ಳಬೇಕಾಗುತ್ತದೆ.

## ಹಂತ 5: ಕೋಶ ಬಿತ್ತಿ, ಫ್ಲಾಜೆಲಿನ್ ಹಾಕುವುದು

ಎಚ್‌ಟಿ-29 ಆದರೆ ಪ್ರತಿ ವೆಲ್‌ಗೆ ಸುಮಾರು 40,000 ಕೋಶ ಹಾಕಿ. ಟ್ರಿಪ್ಸಿನ್ ಕೋಶದ ಮೇಲಿನ ಪ್ರೋಟೀನ್‌ಗಳನ್ನೂ ಕೆರೆದುಹಾಕುತ್ತದೆ. ಅದಕ್ಕೆ ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ, ಸುಧಾರಿಸಿಕೊಳ್ಳಲು ಬಿಡಿ. ಬೆಳಿಗ್ಗೆ ಬಿತ್ತಿ ಸಂಜೆ ಫ್ಲಾಜೆಲಿನ್ ಹಾಕಿದವರ ಡೇಟಾ ಒಂದು ಸಲದಂತೆ ಇನ್ನೊಂದು ಸಲ ಬರುವುದೇ ಇಲ್ಲ.

ದಿನ ಬಂದಾಗ ಹಳೇ ಮೀಡಿಯಾ ತೆಗೆಯಿರಿ. ಒಂದು ಸಲ ಮೆಲ್ಲಗೆ ತೊಳೆಯಿರಿ. ಕಡಿಮೆ ಸೀರಮ್ ಇರುವ ಹೊಸ ಮೀಡಿಯಾ 100 ಮೈಕ್ರೋಲೀಟರ್ ಹಾಕಿ. ಹಳೇ ಮೀಡಿಯಾದಲ್ಲಿ ಎರಡು ದಿನದ ಐಎಲ್-8 ಕೂತಿರುತ್ತದೆ, ಅದನ್ನು ಬಿಟ್ಟರೆ ಕಂಟ್ರೋಲ್ ಮೇಲಕ್ಕೇ ಇರುತ್ತದೆ.

ಈಗ ದುಪ್ಪಟ್ಟು ಗಟ್ಟಿಯ ಫ್ಲಾಜೆಲಿನ್ ಮಾಡಿಕೊಳ್ಳಿ. ಸ್ಟಾಕಿನ 10 ಮೈಕ್ರೋಲೀಟರಿಗೆ 90 ಮೀಡಿಯಾ ಸೇರಿಸಿದರೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ. ಅದರಲ್ಲಿ 20 ಮೈಕ್ರೋಲೀಟರ್ ತೆಗೆದು 980 ಮೀಡಿಯಾಗೆ ಹಾಕಿದರೆ 200 ನ್ಯಾನೋಗ್ರಾಂ. ಇದರ 100 ಮೈಕ್ರೋಲೀಟರ್ ವೆಲ್‌ಗೆ ಬಿದ್ದಾಗ 100 ನ್ಯಾನೋಗ್ರಾಂ ಆಗುತ್ತದೆ. ಸ್ಟಾಕಿನಿಂದ ನೇರ ಅರ್ಧ ಮೈಕ್ರೋಲೀಟರ್ ಎಳೆಯುವ ಸಾಹಸ ಮಾಡಬೇಡಿ. ಟಿಪ್ಪಿನ ಹೊರಗೆ ಅಂಟಿದ ಹನಿಯೇ ಅದಕ್ಕಿಂತ ದೊಡ್ಡದಿರುತ್ತದೆ.

ಮೊದಲ ಸಲ 4, 6, 24 ಗಂಟೆ ಮೂರೂ ನೋಡಿ. ಆಮೇಲೆ ಒಂದನ್ನು ಆರಿಸಿಕೊಳ್ಳಿ. ನನಗೆ 6 ಗಂಟೆ ಇಷ್ಟ. 24 ಗಂಟೆಯಲ್ಲಿ ಅಂಕಿ ದೊಡ್ಡದು ಬರಬಹುದು, ಆದರೆ ಅಷ್ಟರಲ್ಲಿ ಕೋಶ ಬಿಟ್ಟ ಬೇರೆ ಬೇರೆ ವಸ್ತುಗಳೂ ಒಂದನ್ನೊಂದು ಕೆಣಕುತ್ತಿರುತ್ತವೆ.

### ಟ್ರಾನ್ಸ್‌ವೆಲ್ ಆದರೆ

ಇಲ್ಲಿ ಮೊದಲ ಕೆಲಸ ಪದರ ಸೋರುತ್ತಿದೆಯಾ ಅಂತ ನೋಡುವುದು. ಪದರದ ವಿದ್ಯುತ್ ತಡೆಯನ್ನು (ಟೀರ್) ಅಳೆಯುವ ಮೀಟರಿನಲ್ಲಿ ಅಳೆಯಿರಿ. ಕೋಶ ಇಲ್ಲದ ಖಾಲಿ ಇನ್ಸರ್ಟಿನ ಅಂಕಿ ಕಳೆದು, ಉಳಿದದ್ದನ್ನು ಪೊರೆಯ ವಿಸ್ತೀರ್ಣದಿಂದ ಗುಣಿಸಿ. ಉದಾಹರಣೆಗೆ ಮೀಟರ್ 520 ಓಮ್ ತೋರಿಸಿತು, ಖಾಲಿ ಇನ್ಸರ್ಟ್ 120. ಉಳಿದದ್ದು 400. 12 ವೆಲ್ ಇನ್ಸರ್ಟಿನ ವಿಸ್ತೀರ್ಣ 1.12 ಚದರ ಸೆಂಟಿಮೀಟರ್. ಗುಣಿಸಿದರೆ 448. ಭಾಗಿಸಬಾರದು, ಗುಣಿಸಬೇಕು. ಈ ಒಂದು ತಪ್ಪು ಎಷ್ಟು ಥೀಸಿಸ್‌ಗಳಲ್ಲಿ ಇದೆಯೋ!

ಫ್ಲಾಜೆಲಿನ್ ಹಾಕುವ ಮೊದಲು ಮತ್ತು ಮೀಡಿಯಾ ತೆಗೆಯುವ ಮೊದಲು, ಎರಡು ಸಲವೂ ಅಳೆಯಿರಿ. ನಡುವೆ ಅಂಕಿ ಕುಸಿದಿದ್ದರೆ ಆ ಇನ್ಸರ್ಟ್ ಬಿಟ್ಟುಬಿಡಿ. ಮೇಲೆ ಹಾಕಿದ ಫ್ಲಾಜೆಲಿನ್ ಸಂದಿಯಿಂದ ಕೆಳಕ್ಕೆ ಇಳಿದು ಹಿತ್ತಲ ಬೆಲ್ ಒತ್ತಿರುತ್ತದೆ. ನೀವು "ಮೇಲಿನಿಂದಲೂ ಸ್ಪಂದಿಸುತ್ತದೆ" ಅಂತ ಬರೆದಿರುತ್ತೀರಿ.

ಮೇಲೆ ಮಾತ್ರ, ಕೆಳಗೆ ಮಾತ್ರ, ಎರಡೂ ಕಡೆ, ಎಲ್ಲೂ ಇಲ್ಲ. ಹೀಗೆ ನಾಲ್ಕು ಗುಂಪು ಇಡಿ. ಐಎಲ್-8 ಅನ್ನೂ ಎರಡೂ ಕಡೆಯಿಂದ ತೆಗೆದು ಬೇರೆ ಬೇರೆ ಅಳೆಯಿರಿ. 12 ವೆಲ್ ಇನ್ಸರ್ಟಿನಲ್ಲಿ ಮೇಲೆ 0.5, ಕೆಳಗೆ 1.5 ಮಿಲಿಲೀಟರ್ ಇರುತ್ತದೆ. ಮೇಲೆ 200 ಪಿಕೋಗ್ರಾಂ, ಕೆಳಗೆ 150 ಬಂತು ಅಂದುಕೊಳ್ಳಿ, ಪ್ರತಿ ಮಿಲಿಲೀಟರಿಗೆ. ನೋಡಿದರೆ ಮೇಲೇ ಜಾಸ್ತಿ ಅನ್ನಿಸುತ್ತದೆ. ಗುಣಿಸಿ ನೋಡಿ: ಮೇಲೆ 100, ಕೆಳಗೆ 225 ಪಿಕೋಗ್ರಾಂ. ಕೋಶ ಕೆಳಗೇ ಎರಡು ಪಟ್ಟಿಗಿಂತ ಜಾಸ್ತಿ ಸುರಿದಿದೆ.

## ಹಂತ 6: ಮೀಡಿಯಾ ತೆಗೆದು ಇಡುವುದು

ಪ್ಲೇಟನ್ನು ಓರೆ ಮಾಡಿ ಅಂಚಿನಿಂದ ಎಳೆಯಿರಿ, ತಳ ಕೆರೆಯಬೇಡಿ. ಸೆಂಟ್ರಿಫ್ಯೂಜಿನಲ್ಲಿ 300 ಜಿಗೆ 5 ನಿಮಿಷ ತಿರುಗಿಸಿ ಮೇಲಿನದನ್ನು ಎರಡು ಭಾಗ ಮಾಡಿ ಫ್ರೀಜ್ ಮಾಡಿ. ಉಳಿದ ಕೋಶಗಳಿಗೆ ಎಂಟಿಟಿ (ಬದುಕಿರುವ ಕೋಶದಲ್ಲಿ ಬಣ್ಣ ಬದಲಿಸುವ ವಸ್ತು) ಹಾಕಿ ಎಷ್ಟು ಬದುಕಿವೆ ನೋಡಿ. ಸತ್ತ ಕೋಶಗಳ ವೆಲ್‌ನಲ್ಲಿ ಐಎಲ್-8 ಕಡಿಮೆ ಬಂದರೆ ಅದು ರಿಸೆಪ್ಟರಿನ ಕಥೆ ಅಲ್ಲ.

## ಹಂತ 7: ಎಲೈಸಾ

ಕಿಟ್ಟಿನ ಹಾಳೆಯಲ್ಲಿ ಇರುವಂತೆ ಮಾಡಿ. ಹಾಳೆ ಹೇಳದ ನಾಲ್ಕು ಮಾತು ಮಾತ್ರ ನನ್ನದು.

ಪ್ಲೇಟಿಗೆ ಮೊದಲ ಆ್ಯಂಟಿಬಾಡಿ ಹಚ್ಚುವ ಪಿಬಿಎಸ್‌ನಲ್ಲಿ ಟ್ವೀನ್ (ಒಂದು ಡಿಟರ್ಜೆಂಟ್) ಇರಬಾರದು, ಇದ್ದರೆ ಆ್ಯಂಟಿಬಾಡಿ ಅಂಟುವುದಿಲ್ಲ. ತೊಳೆಯುವ ಬಫರಿನಲ್ಲಿ ಸೋಡಿಯಂ ಅಜೈಡ್ ಇರಬಾರದು, ಅದು ಬಣ್ಣ ಬರಿಸುವ ಎಚ್‌ಆರ್‌ಪಿ ಎಂಜೈಮನ್ನು ಕೆಡಿಸುತ್ತದೆ. ಇಡೀ ಪ್ಲೇಟ್, ಸ್ಟ್ಯಾಂಡರ್ಡ್ ಸಮೇತ, ಬಣ್ಣವೇ ಬರದಿದ್ದರೆ ಮೊದಲು ಅಲ್ಲಿ ಹುಡುಕಿ. ಮೂರನೆಯದು, ಒಂದೆರಡು ಸ್ಯಾಂಪಲನ್ನು 1:5, 1:20 ತೆಳು ಮಾಡಿ ಮೊದಲೇ ಓಡಿಸಿ ನೋಡಿ. ಸ್ಟ್ಯಾಂಡರ್ಡಿನ ತುದಿ ದಾಟಿದ ಅಂಕಿಗೆ ಬೆಲೆ ಇಲ್ಲ. ನಾಲ್ಕನೆಯದು, ಸ್ಟ್ಯಾಂಡರ್ಡ್ ಗೆರೆ ನೇರ ಇರುವುದಿಲ್ಲ. ಸ್ಕೇಲ್ ಇಟ್ಟು ಗೆರೆ ಎಳೆಯಬೇಡಿ, ನಾಲ್ಕು ಪ್ಯಾರಾಮೀಟರಿನ ಲಾಜಿಸ್ಟಿಕ್ ಫಿಟ್ ಬಳಸಿ.

## ಹಂತ 8: ಇದು ಟಿಎಲ್‌ಆರ್5 ಕೆಲಸವೇ ಅಂತ ತೋರಿಸುವುದು

ಇಲ್ಲಿಯವರೆಗೆ ತೋರಿಸಿದ್ದು ಫ್ಲಾಜೆಲಿನ್‌ಗೆ ಕೋಶ ಸ್ಪಂದಿಸಿತು ಅಂತ. ಯಾವ ರಿಸೆಪ್ಟರ್ ಮೂಲಕ ಅಂತ ಅಲ್ಲ. ಫ್ಲಾಜೆಲಿನ್ ಕೋಶದ ಒಳಗೆ ಸೇರಿಬಿಟ್ಟರೆ ಅಲ್ಲಿ ಎನ್‌ಎಐಪಿ ಮತ್ತು ಎನ್‌ಎಲ್‌ಆರ್‌ಸಿ4 ಅನ್ನುವ ಪ್ರೋಟೀನ್ ಜೋಡಿ ಕೂಡ ಅದನ್ನು ಹಿಡಿಯುತ್ತದೆ.

ಎರಡು ದಾರಿ ಇದೆ. ಸಿಆರ್‌ಎನ್‌ಎ (siRNA, ಆರಿಸಿದ ಜೀನಿನ ಪ್ರೋಟೀನ್ ತಯಾರಿ ತಗ್ಗಿಸುವ ಚಿಕ್ಕ ಆರ್‌ಎನ್‌ಎ) ಹಾಕಿ ಟಿಎಲ್‌ಆರ್5 ಇಳಿಸಿ, ಸ್ಪಂದನೆಯೂ ಇಳಿಯಿತಾ ನೋಡುವುದು. ಅಥವಾ ಟಿಎಲ್‌ಆರ್5 ತಡೆಯುವ ಆ್ಯಂಟಿಬಾಡಿ ಹಾಕಿ ನೋಡುವುದು, ಜೊತೆಗೆ ಅದೇ ಬಗೆಯ ಬೇರೆ ಆ್ಯಂಟಿಬಾಡಿ ಕಂಟ್ರೋಲ್. ಎರಡರಲ್ಲೂ ಐಎಲ್-1 ಬೀಟಾದ ಸ್ಪಂದನೆ ಹಾಗೇ ಉಳಿದಿರಬೇಕು. ಅದೂ ಇಳಿದಿದ್ದರೆ ನೀವು ಕೋಶವನ್ನೇ ಸುಸ್ತು ಮಾಡಿದ್ದೀರಿ.

ವೆಸ್ಟರ್ನ್ ಬ್ಲಾಟಿನಲ್ಲಿ ಬ್ಯಾಂಡ್ ಬಂತು, ಅಷ್ಟೇ ಸಾಕ್ಷಿ ಅನ್ನಬೇಡಿ. ಟಿಎಲ್‌ಆರ್ ಆ್ಯಂಟಿಬಾಡಿಗಳಲ್ಲಿ ಕಂಡಕಂಡದ್ದಕ್ಕೆ ಅಂಟುವಂಥವು ಬೇಕಾದಷ್ಟಿವೆ. ಸಿಆರ್‌ಎನ್‌ಎ ಹಾಕಿದಾಗ ಆ ಬ್ಯಾಂಡ್ ಮಸುಕಾಗದಿದ್ದರೆ ಅದು ಟಿಎಲ್‌ಆರ್5 ಅಲ್ಲ, ಇನ್ನೇನೋ.

## ಅಂಕಿ ಬಂದ ಮೇಲೆ: ಏನು ಕಂಡರೆ ಎಲ್ಲಿ ಹುಡುಕಬೇಕು

ಫ್ಲಾಜೆಲಿನ್‌ಗೂ ಇಲ್ಲ, ಐಎಲ್-1 ಬೀಟಾಗೂ ಇಲ್ಲ. ಕೋಶ ಅಥವಾ ಎಲೈಸಾ ಕೆಟ್ಟಿದೆ. ಸ್ಟ್ಯಾಂಡರ್ಡ್ ಸರಿ ಬಂದಿದ್ದರೆ ಕೋಶವೇ. ಪ್ಯಾಸೇಜ್ (ಕೋಶಗಳನ್ನು ಹೊಸ ಫ್ಲಾಸ್ಕಿಗೆ ಹಂಚಿ ಬೆಳೆಸಿದ ಸಲ) ಎಷ್ಟಾಗಿದೆ ನೋಡಿ.

ಐಎಲ್-1 ಬೀಟಾಗೆ ಇದೆ, ಫ್ಲಾಜೆಲಿನ್‌ಗೆ ಇಲ್ಲ. ಫ್ಲಾಜೆಲಿನ್ ಬಲ ಕಳೆದುಕೊಂಡಿದೆ, ಇಲ್ಲವೇ ತಪ್ಪು ಕಡೆ ಹಾಕಿದ್ದೀರಿ. ಕಾಕೋ-2 ಅನ್ನು ಮಾಮೂಲಿ ಪ್ಲೇಟಿನಲ್ಲಿ ಮೂರು ವಾರ ಬೆಳೆಸಿ ಮೇಲಿಂದ ಫ್ಲಾಜೆಲಿನ್ ಸುರಿದವರಿಗೆ ಬರುವುದು ಇದೇ ಚಿತ್ರ. ಕೆಳಗಿನ ಕಡೆಗೆ ದಾರಿಯೇ ಇಲ್ಲವಲ್ಲ.

ಎಲ್ಲ ವೆಲ್‌ನಲ್ಲೂ ಜಾಸ್ತಿ. ಮೈಕೋಪ್ಲಾಸ್ಮಾ, ಇಲ್ಲವೇ ಹಳೇ ಮೀಡಿಯಾ ತೆಗೆದಿಲ್ಲ.

1, 10, 100 ಮೂರಕ್ಕೂ ಒಂದೇ ಅಂಕಿ. 1 ನ್ಯಾನೋಗ್ರಾಂಗೇ ಕೋಶ ತುಂಬಿಹೋಗಿರಬಹುದು. ಇನ್ನೂ ಕೆಳಗೆ, 0.01ರವರೆಗೆ ಇಳಿಸಿ ನೋಡಿ. ಅಥವಾ ಮೂರೂ ಸ್ಟ್ಯಾಂಡರ್ಡಿನ ತುದಿ ದಾಟಿರಬಹುದು.

ಮೊದಲ ವಾರ ಬಂತು, ಎರಡನೇ ವಾರ ಅರ್ಧವಾಯಿತು. ಫ್ರೀಜರ್ ಬಾಗಿಲು ತೆಗೆದು ಟ್ಯೂಬ್ ಎಣಿಸಿ. ಹತ್ತು ಟ್ಯೂಬ್ ಇರಬೇಕಾದಲ್ಲಿ ಹತ್ತೂ ಇದ್ದು, ಒಂದರಲ್ಲಿ ಮಾತ್ರ ಮಟ್ಟ ಇಳಿದಿದ್ದರೆ, ಯಾರೋ ಅದೊಂದನ್ನೇ ಕರಗಿಸಿ ಮತ್ತೆ ಇಡುತ್ತಿದ್ದಾರೆ.

ಅಂಕಿ ಚೆನ್ನಾಗಿದೆ, ಎನ್ (ಬೇರೆ ಬೇರೆಯಾಗಿ ಮಾಡಿದ ಪ್ರಯೋಗಗಳ ಸಂಖ್ಯೆ) ಎಷ್ಟು ಅಂತ ಗೈಡ್ ಕೇಳಿದರು. ಒಂದೇ ದಿನ, ಒಂದೇ ಪ್ಲೇಟಿನ ಮೂರು ವೆಲ್ ಸೇರಿದರೆ ಎನ್ ಒಂದು. ಮೂರು ಅಲ್ಲ. ಬೇರೆ ದಿನ, ಬೇರೆ ಪ್ಯಾಸೇಜ್, ಹೊಸದಾಗಿ ತೆಳು ಮಾಡಿದ ಫ್ಲಾಜೆಲಿನ್ ಹಾಕಿ ಇನ್ನೆರಡು ಸಲ ಮಾಡಿ ಬನ್ನಿ. ಪ್ರತಿ ಸಲವೂ ಪ್ಯಾಸೇಜ್ ನಂಬರು, ಸೀರಮ್ ಲಾಟ್, ಫ್ಲಾಜೆಲಿನ್ ಟ್ಯೂಬ್ ನಂಬರು ಮೂರನ್ನೂ ನೋಟ್‌ಬುಕ್ಕಿನಲ್ಲಿ ಅವತ್ತೇ ಬರೆಯಿರಿ. ಪ್ಲೇಟಿನ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದದ್ದು ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ.